ಎರಡು ಗೆರೆ

ಫೋನ್ಯೋದ್, ಬಾಲಟನ್ ಸರೋವರದ ದಂಡೆ
ಸೋಮವಾರ, 12 ನವೆಂಬರ್ 1934

ಪ್ರೀತಿಯ ಅಣ್ಣ ಎರ್ನೋ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತೆ? ಬುಡಾಪೆಸ್ಟಿನ ಔತಣಗಳು ನಿನಗೆ ಎಂದೂ ಒಗ್ಗಿದ್ದಿಲ್ಲ. ಸೋಡಾ ನೀರು ಕುಡಿ, ಸಿಟ್ಟು ಮಾಡಿಕೊಳ್ಳಬೇಡ, ಈ ಪತ್ರವನ್ನು ಊಟವಾದ ಕೂಡಲೇ ಓದಬೇಡ. ಅಮ್ಮನ ಮಂಡಿನೋವು ಹಾಗೆಯೇ ಇದೆ. ನಿನ್ನೆ ಸಂತ ಮಾರ್ಟಿನನ ಹಬ್ಬದ ಹೆಬ್ಬಾತು ಬೇಯಿಸಿದೆವು. ಎದೆಮೂಳೆ ಕಂದು ಬಣ್ಣಕ್ಕಿತ್ತು, ಹಾಗಾಗಿ ಹಳಬರ ಲೆಕ್ಕದಂತೆ ಈ ಚಳಿಗಾಲ ಹಿಮವಿಲ್ಲ, ಬರೀ ಕೆಸರು. ಬಾಲದ ತುಂಡನ್ನು ವಾಡಿಕೆಯಂತೆ ಪಾದ್ರಿಗಳಿಗೆ ಕಳಿಸುವ ಬದಲು ಅಮ್ಮ ತಟ್ಟೆಯಲ್ಲಿ ಎತ್ತಿಟ್ಟು, "ಇದು ನಮ್ ಎರ್ನೋಗೆ ಸೇರ್ಬೇಕಾದ್ದು ಕಣೆ. ಪ್ರೊಫೆಸರ್ ಆಗ್ತಿದಾನೆ, ಪಾದ್ರಿಗಿಂತ ಕಮ್ಮೀನಾ?" ಎಂದರು. ನೀನು ಬರಲಿಲ್ಲ, ನಾನೇ ತಿಂದೆ. ಬಹಳ ರುಚಿಯಾಗಿತ್ತು.

ಬೋರ್ಚಾ ಚಿಕ್ಕಮ್ಮನ ಬಾತುಗಳ ಹೊಂಡ ನೆನಪಿದೆಯೋ ಇಲ್ಲವೋ. ಎಂಟು ವರ್ಷದ ಹಿಂದೆ ಒಂದು ಬೇಸಿಗೆಯಿಡೀ ಅದರ ನೀರನ್ನು ಶೀಸೆಯಲ್ಲಿ ತುಂಬಿ ತರುತ್ತಿದ್ದೆ. "ಏನೇ ಇಲ್ಕಾ, ನನ್ ಬಾತ್‌ಗಳ ಕೊಚ್ಚೇನೂ ಬಿಡಲ್ವೇನೇ? ಗಂಡು ಹುಡ್ಕೋ ವಯಸ್ಸಲ್ಲಿ ಹುಳ ಹುಡುಕ್ತೀಯಲ್ಲ!" ಎಂದು ಅವಳು ನಗುತ್ತಿದ್ದಳು. ಆ ಕೊಚ್ಚೆಯಲ್ಲೇ, ತಾತನ ಹಿತ್ತಾಳೆ ಸೂಕ್ಷ್ಮದರ್ಶಕದ ಕೆಳಗೆ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಜೀವಿ ನನಗೆ ಸಿಕ್ಕಿತು. ಮೈಯೆಲ್ಲ ಸೇರಿ ಒಂದೇ ಜೀವಕೋಶ, ನಡುವೆ ದುಂಡನೆಯ ಕೋಶಕೇಂದ್ರ, ಸುತ್ತ ಹಸಿರು ಕಾಳುಗಳು. ನೂರನಲವತ್ತು ಚಿತ್ರ ಬರೆದೆ. ರಜೆಗೆ ಬಂದಿದ್ದ ನೀನು "ಯೂನಿವರ್ಸಿಟೀಲಿ ತೋರ್ಸಿ ತರ್ತೀನಿ" ಎಂದು ಕಟ್ಟನ್ನು ಒಯ್ದೆ. ಮುಂದಿನ ಬೇಸಿಗೆಗೆ ಅವು ಅಚ್ಚಾಗಿ ಬಂದವು, ನಿನ್ನ ಹೆಸರಿನಲ್ಲಿ. ಹೊಸ ಜಾತಿಯ ಪಾಚಿ, ಅಂದರೆ ಸಸ್ಯ ಎಂದು ಸಾರಿ, ಮಾವನಾಗಲಿದ್ದ ಪ್ರೊಫೆಸರ್ ವದ್ನಾಯ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದೆ. ಮಗಳೂ ಸಿಕ್ಕಳು, ಕೆಲಸವೂ ಸಿಕ್ಕಿತು. ನಾನು ಕೇಳಿದಾಗ ನೀನು ಹೇಳಿದ್ದರಲ್ಲಿ ಒಂದಕ್ಷರವನ್ನೂ ಮರೆತಿಲ್ಲ: "ನೀರ್ ಹೊರೋದು ನಿನ್ ಕೆಲ್ಸ, ಹೆಸರಿಡೋದು ನನ್ ಕೆಲ್ಸ. ಹೆಂಗ್ಸಿನ ಸಹಿ ಇದ್ರೆ ಯಾರ್ ಓದ್ತಾರೆ ಹೇಳು ಪುಟ್ಟಿ?" ಅಮ್ಮ ಪಕ್ಕದಲ್ಲೇ ಬಟಾಣಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ನಾನು ಅತ್ತದ್ದು ಹೌದು. ಅತ್ತು ಮುಗಿಸಿ ಮತ್ತೆ ಶೀಸೆ ಹಿಡಿದು ಹೊಂಡಕ್ಕೆ ಹೋದೆ. ಆ ನೀರನ್ನು ನೆಲಮಾಳಿಗೆಯಲ್ಲಿ ಆಲೂಗಡ್ಡೆ ಚೀಲದ ಹಿಂದೆ ಕತ್ತಲಲ್ಲಿಟ್ಟೆ. ಹನ್ನೊಂದು ದಿನಕ್ಕೆ ಹಸಿರೆಲ್ಲ ಹೋಗಿ ಜೀವಿ ತಿಳಿಯಾಯಿತು, ಆದರೂ ಆರಾಮಾಗಿ ಈಜುತ್ತಿತ್ತು. ಒಂದಿಷ್ಟು ಪಾಚಿ ಹಾಕಿದೆ. ಕಣ್ಣೆದುರೇ ನುಂಗಿ ಮತ್ತೆ ಹಸಿರಾಯಿತು. ಆ ಹಸಿರು ಅದರದ್ದಲ್ಲ ಅಣ್ಣ, ಅದರ ಊಟದ್ದು. ಸಸ್ಯವಾಗಿದ್ದರೆ ಜೀವಕೋಶದ ಸುತ್ತ ಗಟ್ಟಿ ಗೋಡೆ ಇರಬೇಕಿತ್ತು. ಇದಕ್ಕಿರುವುದು ತೆಳ್ಳನೆಯ ಪೊರೆ ಮಾತ್ರ, ಎಂಥ ಸಂದಿಯಲ್ಲೂ ಮೈ ಹಿಂಡಿಕೊಂಡು ನುಸುಳುತ್ತದೆ. ಇದು ಪ್ರಾಣಿ. ನಿನ್ನ ಲೇಖನದಲ್ಲೋ, "ಎರಡು ಪದರದ ದೃಢವಾದ ಗೋಡೆ"ಯ ವರ್ಣನೆಗೇ ಎರಡು ಪುಟ ಮೀಸಲಾಗಿದೆ. ಏಳು ಬೇಸಿಗೆ ಆ ಗೋಡೆಯನ್ನು ಹುಡುಕಿದೆ. ಸೇಡಿಗೆ ಅವಸರ ಮಾಡಿದರೆ ಕೆಡುತ್ತದೆ.

ವಿಯೆನ್ನಾದ ಒಂದು ಪ್ರಾಣಿಶಾಸ್ತ್ರ ಪತ್ರಿಕೆ ಈ ತಿಂಗಳು ನನ್ನ ಲೇಖನ ಅಚ್ಚು ಮಾಡಿದೆ, ಹೆಂಗಸಿನ ಸಹಿಯೊಂದಿಗೇ. ನಿನ್ನ ಹೆಸರು ಅಳಿಸಿದೆನೆಂದು ಹೆದರಬೇಡ. ನಮ್ಮ ಕಸುಬಿನ ನಿಯಮ ನಿನಗೆ ಗೊತ್ತೇ ಇದೆ: ಮೊದಲು ಇಟ್ಟ ಹೆಸರನ್ನು ಯಾರೂ ಕಿತ್ತುಹಾಕುವಂತಿಲ್ಲ, ಇಟ್ಟವನು ಎಷ್ಟೇ ತಪ್ಪಿರಲಿ. ನಾನು ಜೀವಿಯನ್ನು ಸಸ್ಯಗಳ ಸಾಲಿನಿಂದ ಎತ್ತಿ, ಪ್ರಾಣಿಗಳಲ್ಲಿ ಒಂದು ಹೊಸ ಕುಲಕ್ಕೆ ಸೇರಿಸಿದ್ದೇನೆ. ಹಾಗಾಗಿ ಇನ್ನು ಮೇಲೆ ಜೀವಿಯ ಹೆಸರಿನ ಮುಂದೆ, ಹೆಸರಿಟ್ಟವನೆಂದು ಬರೆಯುವ ನಿನ್ನ ಹೆಸರು ಆವರಣ ಚಿಹ್ನೆಯೊಳಗೆ ಬರುತ್ತದೆ. ಇವನು ಇಟ್ಟ ಜಾಗದಿಂದ ಇದನ್ನು ಬೇರೊಬ್ಬರು ಎತ್ತಿಡಬೇಕಾಯಿತು ಎಂದು ಓದಿದವರೆಲ್ಲ ತಿಳಿಯುತ್ತಾರೆ, ನಾವಿಬ್ಬರೂ ಮಣ್ಣಾದ ಮೇಲೂ. ನಿನ್ನ ಮಾವನವರ ಹೆಸರೂ ಅಲ್ಲೇ ನಿನಗೆ ಜೊತೆಯಾಗಿ ಇರುತ್ತದೆ. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಅತ್ತಿಗೆಗೆ ನನ್ನ ನೆನಪು ಹೇಳು. ಕ್ವಿನ್ಸ್ ಹಣ್ಣಿನ ಹಲ್ವ ಕಳಿಸಿದ್ದೇನೆ, ಎದೆಯುರಿಗೂ ಒಳ್ಳೆಯದು. ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ, ಇದನ್ನೆಲ್ಲ ನೀನು ಕಣ್ಣಾರೆ ನೋಡಬೇಕು.

ನಿನ್ನ ನೀರು ಹೊರುವ ತಂಗಿ,
ಇಲ್ಕಾ

ತಾ.ಕ.: ಅಂಚೆಯವನು ಬಾಗಿಲಲ್ಲೇ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಆ ಗೋಡೆ ಎಲ್ಲಿತ್ತೆಂದು ಕೊನೆಗೂ ಹೊಳೆಯಿತು. ನನ್ನ ಚಿತ್ರಗಳಲ್ಲಿ ಜೀವಿಯ ಸುತ್ತ ಎರಡು ಗೆರೆಗಳಿವೆ. ಅದು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಮೊದಲ ಗೆರೆ ಅದು ಇದ್ದ ಜಾಗ, ಎರಡನೆಯದು ಸರಿದ ಜಾಗ. ಹೊಂಡದ ಒಂದೇ ಒಂದು ಹನಿಯನ್ನು ಕಣ್ಣಿಟ್ಟು ನೋಡಿದ್ದರೂ ನಿನಗೆ ತಿಳಿಯುತ್ತಿತ್ತು. ನೀನು ನೋಡಿದ್ದು ನನ್ನ ಪೆನ್ಸಿಲಿನ ಗುರುತನ್ನು ಮಾತ್ರ. ಮನೆಯಲ್ಲಿ ಉಳಿದಿದ್ದ ಕರಡುಗಳಲ್ಲಿ ಒಂದನ್ನು ತಾರೀಖಿನ ಸಮೇತ ಲೇಖನದಲ್ಲಿ ಹಾಕಿಸಿ, ಕೆಳಗೆ ಗೆರೆಗಳ ಅರ್ಥ ಬರೆದಿದ್ದೇನೆ. ಕಳ್ಳ ಎಂಬ ಮಾತು ಎಲ್ಲೂ ಬರೆದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ನಿನಗೆ ಬಿಟ್ಟದ್ದು. ಪತ್ರಿಕೆ ಶುಕ್ರವಾರ ನಿನ್ನ ಮಾವನವರ ಮೇಜು ಸೇರುತ್ತದೆ. ನಿನಗೆ ಪ್ರೊಫೆಸರ್ ಪೀಠ ಕೊಡುವ ಸಭೆ ಶನಿವಾರ ತಾನೆ? ಅಮ್ಮ ಹೊಸ ಕೋಟು ಹೊಲಿಸಿದ್ದಾರೆ, ನಾನೇ ಕರೆತರುತ್ತೇನೆ. ಮೊದಲ ಸಾಲಿನಲ್ಲಿ ಎರಡು ಜಾಗ ಹಿಡಿದಿಡು.