ನೀರಿನ ಗಿಡವಲ್ಲ

ನವೆಂಬರ್ 3, ಸೋಮವಾರ, ಬೆಳಿಗ್ಗೆ
ದಾವಣಗೆರೆ. ನನಗೆ ಎಂಟನೇ ತಿಂಗಳು. ಮೀನಿಗೆ ಫುಡ್ ಹಾಕಿದೆ. ಟ್ಯಾಂಕಿನ ಗಾಜು ಒರೆಸಿದೆ. ಒರೆಸಿದರೂ ಮಬ್ಬು — ನೀರೇ ಮಬ್ಬಾಗಿದೆ. ನನ್ನ ಗಂಡ ಬಸವಕಿರಣ್ ಹೋದ ವಾರ ಟ್ಯಾಂಕಿಗೆಂದು ತಂದ ನೇರಳೆ ಬಣ್ಣದ ಗಿಡದ ಎಲೆಯಂಚು ಲೋಳೆಯಾಗುತ್ತಿದೆ. ಅದನ್ನು ಮಾರಿದ ಅಕ್ವೇರಿಯಂ ಅಂಗಡಿಯ ಜಾಫರ್‌ಗೆ ಫೋನ್ ಮಾಡಿದೆ.

"ನೀರಿಂದೇ ಗಿಡ ಮೇಡಂ. ಹೊಸ ಮನಿಗೆ ಬಂದ ಸೊಸಿ ಇದ್ದಂಗೆ, ಒಂದೀಟು ಬಾಡ್ತೈತೆ. ಹೊಂದ್ಕಂತೈತೆ ಬಿಡ್ರಿ."

ಗಿಡವನ್ನು ನೀರಲ್ಲಿ ಹಾಗೇ ಬಿಟ್ಟೆ.

ನವೆಂಬರ್ 6
ದೊಡ್ಡ ಗೋಲ್ಡ್‌ಫಿಶ್ ಸತ್ತು ತೇಲುತ್ತಿತ್ತು. ಅತ್ತೆ ಅದನ್ನು ನೋಡಿ ಕೈಮುಗಿದರು.

"ಚಲೋ ಆತು ಬಿಡು ವಾಣಿ. ನಿನ್ನ ಮ್ಯಾಲೆ ಬರೋ ಕಂಟಕ ಅದು ತಗಂಡು ಹೋತು."

"ನೀರು ಕೆಟ್ಟಿರಬೇಕು ಅತ್ತೆ."

"ನೀರಲ್ಲವ್ವ, ಓದಿ ಓದಿ ನಿನ್ನ ತಲೆ ಕೆಟ್ಟೈತೆ!"

ನಕ್ಕೆ. ನಂಬಲಿಲ್ಲ... ಆದರೂ ಎದೆ ಹಗುರಾಯಿತು.

ನವೆಂಬರ್ 7, ಮಧ್ಯಾಹ್ನ
ಬೆಳಿಗ್ಗೆಯಿಂದ ಮಗು ಒದ್ದಿಲ್ಲ. ಅತ್ತೆಗೆ ಹೇಳಿದೆ.

"ಮಲಗಿರ್ತೈತೆ. ಕಂಟಕ ಕಳದ ಮ್ಯಾಲೆ ಎಂಥ ಹೆದರಿಕೆ? ಡಾಕ್ಟ್ರು ಕೊಟ್ಟ ತಾರೀಖಿಗೆ ಹೋದ್ರಾತು."

ಬಸವಕಿರಣ್ ಹರಿಹರದ ಫ್ಯಾಕ್ಟರಿಯಲ್ಲಿ. ಫೋನ್ ಎತ್ತುತ್ತಿಲ್ಲ. ಓದುತ್ತಿದ್ದ ಅನುವಾದಿತ ಕಾದಂಬರಿ ತೆರೆದೆ — ಅನುವಾದ ಚೆನ್ನಾಗಿಯೇ ಇದೆ. ಒಂದು ವಾಕ್ಯವೂ ಒಳಗಿಳಿಯಲಿಲ್ಲ.

ಅದೇ ದಿನ, ಸಂಜೆ
ಕೈಗೆ ಕೆಲಸ ಬೇಕಾಗಿ ಟ್ಯಾಂಕಿನ ಆ ನೇರಳೆ ಗಿಡ ಕಿತ್ತೆ. ತವರಿಂದ ತಮ್ಮ ಸಿದ್ದು ತಂದುಕೊಟ್ಟ ಹೊಳೆಯ ಗಿಡವೂ ಜೊತೆಗೆ ಕಿತ್ತು ಬಂತು. ಎರಡನ್ನೂ ನೀರಿಂದ ಎತ್ತಿ ಹಿಡಿದೆ. ಹೊಳೆಯದು ಒದ್ದೆ ಕೂದಲಿನಂತೆ ಅಂಗೈ ಮೇಲೆ ಕುಸಿಯಿತು. ನೀರಲ್ಲೇ ಬೆಳೆದದ್ದು, ಅದನ್ನು ಎತ್ತಿ ನಿಲ್ಲಿಸುವುದು ನೀರೇ. ನೇರಳೆಯದು ನೆಟ್ಟಗೆ ನಿಂತೇ ಇತ್ತು. ಗಟ್ಟಿ ದಂಟು. ನೆಲದ ಗಿಡ. ಬುಡ ಕೊಳೆತು ನಾರುತ್ತಿತ್ತು.

ಮುಳುಗಿಸಿಟ್ಟದ್ದಕ್ಕೆ ಕೊಳೆಯಿತು. ನೀರು ಕೆಟ್ಟಿತು. ಮೀನು ಸತ್ತಿತು. ಅಷ್ಟೇ. ಅದು ಯಾರ ಕಂಟಕವನ್ನೂ ಒಯ್ದಿಲ್ಲ.

ಅತ್ತೆಯ ಮಾತು ನಂಬಲಿಲ್ಲ ಎಂದು ಬರೆದಿದ್ದೆ. ಹಾಗಾದರೆ ಈಗ ಯಾಕೆ ಇಷ್ಟು ಹೆದರಿಕೆ?

ಮಗು ಅಲುಗಲೆಂದು ಸಿಹಿ ತಿಂದೆ. ಎಡಮಗ್ಗುಲಾಗಿ ಮಲಗಿ ನೋಡಿದೆ. ಕೈಯಿಟ್ಟು ಕಾದೆ. ಏನೂ ಇಲ್ಲ.

ಅತ್ತೆ ಲಿಂಗಪೂಜೆಗೆ ಕೂತಿದ್ದಾರೆ. ನಡುವೆ ಯಾರೂ ಮಾತಾಡಿಸುವಂತಿಲ್ಲ. ಮದುವೆಯಾದಂದಿನಿಂದ ನಾನೂ ಮಾತಾಡಿಸಿಲ್ಲ. ಮುಗಿಯುವವರೆಗೆ ಕಾಯುವುದಿಲ್ಲ. ಗಿಡದ ವಿಷಯ ವಾದಿಸುವುದೂ ಇಲ್ಲ. ಬಾಗಿಲಲ್ಲಿ ನಿಂತು, "ಆಸ್ಪತ್ರೆಗೆ ಹೊರಟೆ" ಎಂದಷ್ಟೇ ಹೇಳಿ, ಆಟೋ ಹತ್ತುತ್ತೇನೆ. ಅತ್ತೆ ತಿರುಗಿ ನೋಡಿದರೂ, ನೋಡದಿದ್ದರೂ ನಿಲ್ಲುವುದಿಲ್ಲ.