ಮೂಸಿದವರ ಗೀಟು

ಮಾರ್ಚ್ ೪, ಮಂಗಳವಾರ. ಬೆಳಗ್ಗೆ ೧೧

ಲಾಯರಮ್ಮನ ಕರಿ ಕೋಟು ವಾಪಸ್ ಬಂತು. ಕೆಮಿಕಲ್ ವಾಸನೆ ಹಾಗೇ ಇದೆಯಂತೆ. ಎರಡು ವಾರದಲ್ಲಿ ಇದು ಮೂರನೆಯದು. ಚೀಟಿ ನೋಡಿದೆ. ಒಂದು ಗೀಟು — ಇವರದೇ.

ಮಾವನವರು ಈ ಡ್ರೈಕ್ಲೀನಿಂಗ್ ಅಂಗಡಿ ತೆರೆದಾಗಿನ ನಿಯಮ. ಮೆಷಿನ್‌ನಿಂದ ಬಂದ ಬಟ್ಟೆಯ ಕಾಲರ್, ಲೈನಿಂಗ್ ಮೂಸಿ ನೋಡದೆ ಕವರ್ ಹಾಕುವಂತಿಲ್ಲ. ಮೂಸಿದವರು ಚೀಟಿಯ ಮೇಲೆ ಗೀಟು ಎಳೆಯಬೇಕು. ನನ್ನ ಗಂಡನದು ಒಂದು ಗೀಟು, ನನ್ನದು ಎರಡು. ಮದುವೆಯಾಗಿ ಬಂದಾಗಿನಿಂದ, ಇಪ್ಪತ್ತಾರು ವರ್ಷ, ಹೀಗೇ.

“ಮೂಗು ಎಲ್ಲಿಟ್ಟಿದ್ರಿ?” ಅಂದೆ.

“ಮೂಸಿದ್ದೆ ಕಣೇ.”

ಮುಖದಲ್ಲಿ ಬೇಜಾರೂ ಇಲ್ಲ, ಕೋಪವೂ ಇಲ್ಲ. ಕಲ್ಲು. ಅದಕ್ಕೇ ನನಗೆ ಇನ್ನೂ ಮೈ ಉರಿಯಿತು. ಗಿರಾಕಿಗಳ ಎದುರೇ ಬೈದೆ.

ಮಾರ್ಚ್ ೯

ಇವರ ಬಲಗೈ ಹೆಬ್ಬೆರಳು ಕೌಂಟರ್ ಮೇಲೆ ತಾನಾಗಿ ಆಡುತ್ತಿದೆ, ದಾರ ಹೊಸೆದ ಹಾಗೆ. ಮಗಳು ಪುಟ್ಟಿಗೂ ಕಂಡಿದೆ. ಡಿಗ್ರಿ ಮುಗಿಸಿ ಬಂದವಳು, ಇನ್ನು ಅಂಗಡಿ ನಾನೇ ನೋಡ್ಕೋತೀನಿ ಎಂದು ಕುಣಿಯುತ್ತಾಳೆ. ಡಾಕ್ಟರ್ ಹತ್ತಿರ ಹೋಗೋಣ ಅಂದರೆ ಇವರ ಉತ್ತರ — “ಕೈ ತಾನೆ, ಎಲ್ಲಿಗೆ ಓಡಿಹೋಗುತ್ತೆ?”

ಏಪ್ರಿಲ್ ೨

ಪಾರ್ಕಿನ್ಸನ್ಸ್. ಮಿದುಳಿನ ಕೆಲವು ಜೀವಕೋಶಗಳು ಸಾಯುತ್ತಿವೆಯಂತೆ. ಮಾತ್ರೆ ನಡುಕ ತಗ್ಗಿಸುತ್ತದೆ, ಅವು ಸಾಯುವುದನ್ನು ನಿಲ್ಲಿಸುವುದಿಲ್ಲ.

“ವಾಸನೆ ತಿಳಿಯೋದು ಯಾವಾಗಿಂದ ಕಮ್ಮಿ ಆಯ್ತು?” ಡಾಕ್ಟರ್ ಕೇಳಿದರು. ಇದೇನು ಪ್ರಶ್ನೆ ಅಂದುಕೊಂಡೆ.

“ನಾಲ್ಕೈದು ವರ್ಷ ಆಯ್ತೇನೋ,” ಅಂದರು ಇವರು, ನನ್ನ ಕಡೆ ನೋಡದೆ.

ಕೆಲವರಿಗೆ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಮೂಗು ಹೋಗುತ್ತದಂತೆ. ಅಷ್ಟು ವರ್ಷ ಬಟ್ಟೆಯ ತೇವ ಮುಟ್ಟಿ ನೋಡಿ, ಅಂದಾಜಿನ ಮೇಲೆ ಗೀಟು ಎಳೆದಿದ್ದಾರೆ. ಈಗ ಬೆರಳಿಗೂ ತಿಳಿಯುತ್ತಿಲ್ಲ. ನಾನು ಬೈದದ್ದು ಕಾಯಿಲೆಯನ್ನು.

“ಯಾಕೆ ಬಂತು ಡಾಕ್ಟ್ರೇ? ನಮ್ಮ ಕೆಮಿಕಲ್‌ನಿಂದಲಾ?”

“ಇರಬಹುದು. ಕೆಲವು ಕೆಮಿಕಲ್ ಮೇಲೆ ಅನುಮಾನ ಇದೆ. ವಯಸ್ಸು, ವಂಶ, ಗಾಳಿ, ನೀರು... ಎಷ್ಟೋ ಸೇರಿರುತ್ತಮ್ಮ. ಇವರಿಗೆ ಇದರಿಂದಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ.”

ಅಷ್ಟು ಓದಿದವರೇ ಹೀಗಂದರೆ ನಾನು ಯಾರನ್ನು ಕೇಳಲಿ?

ಏಪ್ರಿಲ್ ೬

ಡಾಕ್ಟರ್ ಒಬ್ಬರನ್ನು ಬಿಟ್ಟು ಎಲ್ಲರಿಗೂ ಕಾರಣ ಗೊತ್ತು. ನಾದಿನಿ ಫೋನಿನಲ್ಲಿ: “ನೀವು ಬೈದೂ ಬೈದೂ ಅಣ್ಣ ಹೀಗಾದ, ಅತ್ತಿಗೆ.” ಎದುರಂಗಡಿ ದರ್ಜಿ ಹೇಳುವುದು ನಿದ್ದೆ ಸಾಲದ್ದಕ್ಕೆ. ಇವರು — “ಹಣೆಬರಹ ಅಂತ ಬರ್ಕೋ ನಿನ್ನ ಡೈರಿಲಿ.”

ಬರೆಯುವುದಿಲ್ಲ. ನನಗೆ ಕಾರಣ ಬೇಕು. ಕೆಮಿಕಲ್ ಅಂತಾದರೆ ಪುಟ್ಟಿಯನ್ನು ಕತ್ತು ಹಿಡಿದು ಅಂಗಡಿಯಿಂದ ಆಚೆ ಕಳಿಸುತ್ತೇನೆ. ವಂಶ ಅಂತಾದರೆ ಎಲ್ಲಿಗೆ ಕಳಿಸಲಿ? ಅಳು ಬರುತ್ತದೆ, ಅದಕ್ಕೂ ಪುರುಸೊತ್ತಿಲ್ಲ.

ಏಪ್ರಿಲ್ ೭

ತೀರ್ಮಾನ ಆಯಿತು. ಪುಟ್ಟಿಗೆ ಕೌಂಟರ್ ಮಾತ್ರ. ಮೆಷಿನ್ ಕೋಣೆಗೆ ಕಾಲಿಡಕೂಡದು. ಮೂಸುವುದು ನಾನೊಬ್ಬಳೇ.

“ನಿಂಗೇನಾದ್ರೂ ಆದ್ರೆ?” ಅಂದಳು ಪುಟ್ಟಿ.

“ನನಗೇನಾಗುತ್ತೆ? ನಾನು ಗಟ್ಟಿ ಪಿಂಡ.”

ಜೂನ್ ೧೯, ಗುರುವಾರ. ಮಧ್ಯಾಹ್ನ ೩

ಲಾಯರಮ್ಮನ ಕೋಟು ಮತ್ತೆ ವಾಪಸ್. ಹಿಂದಿನ ಕೋಣೆಗೆ ತಂದು ಕಾಲರ್ ಮೂಗಿಗೆ ಒತ್ತಿದೆ. ಏನೂ ಇಲ್ಲ. ಲೈನಿಂಗ್ — ಏನೂ ಇಲ್ಲ. ಈ ಲಾಯರಮ್ಮನಿಗೆ ಅನುಮಾನದ ರೋಗ, ಅಂದುಕೊಂಡೆ.

ಪುಟ್ಟಿ ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡಳು. “ಅಮ್ಮಾ, ಇಲ್ಲಿವರೆಗೂ ಹೊಡೀತಿದೆ. ಯಾರು ಮೂಸಿದ್ದು ಇದನ್ನ?”

ಚೀಟಿಯಲ್ಲಿ ಎರಡು ಗೀಟು. ನನ್ನವೇ.

ಸ್ಟೂಲಿನ ಮೇಲಿದ್ದ ಇವರು ನನ್ನನ್ನೇ ನೋಡುತ್ತಿದ್ದರು. ಕೋಟನ್ನು ತೊಡೆಯ ಮೇಲೆ ಎಳೆದುಕೊಂಡರು. ಆ ನಡುಗುವ ಕೈಯಲ್ಲಿ ಹೇಗೋ ಚೀಟಿ ಕಿತ್ತು ಜೇಬಿಗೆ ತುರುಕಿದರು.

“ನಾನೇ ಮಗಾ. ಅಮ್ಮ ಬೇಡ ಅಂದ್ಲು, ಕೇಳಲಿಲ್ಲ.”

“ಅಪ್ಪಾ, ನಿಂಗೆ ತಿಳಿಯಲ್ಲ ಅಂತ ಗೊತ್ತಿದ್ದೂ...” ಗದರಿ, ಕೌಂಟರಿಗೆ ಹೋದಳು.

ಇವರ ಕಲ್ಲು ಮುಖದಲ್ಲಿ ಕಣ್ಣು ಮಾತ್ರ ಒದ್ದೆಯಾಗಿತ್ತು.

ಸಂಜೆ ೬

ನೆಗಡಿ ಇಲ್ಲ. ವಯಸ್ಸಾದಂತೆ ಎಲ್ಲರ ಮೂಗೂ ಮಂದವಾಗುತ್ತದೆ... ಅಷ್ಟೇ ಇರಬೇಕು. ಡಾಕ್ಟರಿಗೆ ಹೇಳಲೇ? ನನಗೂ ಅದೇ ಅಂತಾದರೆ ವಂಶದ ಮಾತೇ ಏಳುವುದಿಲ್ಲ. ನಾನು ಇವರ ರಕ್ತದವಳಲ್ಲ. ಇಬ್ಬರಿಗೂ ಒಂದೇ ಆಗಿರುವುದು ಈ ಕೋಣೆ, ಇದರ ಕೆಮಿಕಲ್ ಗಾಳಿ. ಪುಟ್ಟಿ ಇದರಲ್ಲೇ, ಬಟ್ಟೆ ರಾಶಿಯ ಮೇಲೆ, ಮಲಗಿ ಬೆಳೆದವಳು.

ಕಾರಣ ಬೇಕು ಅಂತ ನಾನೇ ಹಟ ಹಿಡಿದಿದ್ದೆ.

ಹೊಸ ಸೋಪಿನ ಕಾಗದ ಬಿಚ್ಚಿದೆ. ಮೂಗಿಗೆ ಹಿಡಿದೆ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. ಏನೂ ಇಲ್ಲ.