ಹಾಡಿದವರ ಒಪ್ಪಿಗೆ

ಪವಾಯಿ,
೧೭ ಜೂನ್ ೨೦೨೫

ಫೋನ್ ಎತ್ತದ ನನ್ನ ಅಮ್ಮನಿಗೆ, ಯಕ್ಷಿತಾಳ ನಮಸ್ಕಾರ.

ಈ ಕಾಗದವನ್ನು ಅಣ್ಣ ಹಿತೇಶನ ಕೈಯಲ್ಲಿ ದಹಿಸರಿಗೆ ಕಳಿಸುತ್ತಿದ್ದೇನೆ. ಅವನೆದುರಿಗೇ ಹರಿದು ಹಾಕಬೇಡ. ಕನ್ನಡ ಅಕ್ಷರ ಕಲಿಸಿದವಳು ನೀನೇ, ತಪ್ಪು ಹುಡುಕಲಿಕ್ಕಾದರೂ ಪೂರ್ತಿ ಓದು.

ನೀನು ನಮ್ಮ ಆಫೀಸಿಗೆ ಬಂದು ಹೋಗಿ ಇಪ್ಪತ್ತನಾಲ್ಕು ದಿನವಾಯಿತು. ಮನೆಯವರನ್ನು ಕರೆತರುವ ದಿನವೆಂದು ನಾನೇ ಹಟ ಹಿಡಿದು ಕರೆದಿದ್ದೆ. ನೀನು ಎಲ್ಲರಿಗೂ ಪತ್ರೊಡೆ ಕಟ್ಟಿಕೊಂಡು ಬಂದೆ. ನನ್ನ ಜೊತೆ ಕೆಲಸ ಮಾಡುವ ತಿಲಕ್ ನಾಲ್ಕು ತುಂಡು ತಿಂದು, ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಗೇಮ್ ಆಡಿ ತೋರಿಸಿದ. ಅದರಲ್ಲಿ ಊರು ಕಟ್ಟಬೇಕು, ಸೈನ್ಯ ಕೂಡಿಸಬೇಕು, ಕಣಜ ತುಂಬಿದರೆ ಒಂದು ದೇವರನ್ನು ಯುದ್ಧಕ್ಕೆ ಕಳಿಸಬಹುದು. ಅವನು ಕಳಿಸಿದ್ದು ನಮ್ಮ ಮನೆಯ ದೈವವನ್ನು. ಗೇಮಿಗೆ ಹಾಕುವಾಗ ನಾನು ಹೆಸರು ಬದಲಿಸಿದ್ದೆ, ಆದರೆ ಬೆನ್ನಿಗೆ ಕಟ್ಟಿದ ಅಣಿ, ಕಾಲಿನ ಗಗ್ಗರ, ಮುಖದ ಬಣ್ಣ ನೋಡಿ ನಿನಗೆ ಗೊತ್ತಾಗಿಬಿಟ್ಟಿತು. ಎದುರು ಪಕ್ಷದ ಗ್ರೀಕ್ ಸೈನಿಕರು ಸುತ್ತುವರಿದು ದೈವವನ್ನು ಕೊಂದರು. ತಿಲಕ್ ನಕ್ಕು, ಕಣಜದಲ್ಲಿ ಧಾನ್ಯವಿದೆ, ಇನ್ನೊಂದನ್ನು ತರಿಸೋಣ ಎಂದ.

"ನಮ್ಮನ್ನು ಕಾಯುವವರನ್ನು ನೀನು ಆಳು ಮಾಡಿದಿಯಲ್ಲ ಮಗಾ," ಎಂದಷ್ಟೇ ಹೇಳಿ ನೀನು ಎದ್ದು ಹೋದೆ.

ದೈವಕ್ಕೆ ನಾವು ಅಪ್ಪಣೆ ಕೊಡುವುದಲ್ಲ, ದೈವ ನಮಗೆ ಕೊಡುವುದು. ಚಿಕ್ಕಂದಿನಿಂದ ಕೋಲದಲ್ಲಿ ಕೈಮುಗಿದು ನಿಂತವಳಿಗೆ ಇಷ್ಟೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಕಂಪ್ಯೂಟರಿನಲ್ಲಿ ಪ್ರಾಣ ಎಷ್ಟು ಎಂದು ಕೇಳುವ ಒಂದು ಖಾನೆ ಇತ್ತು. ಗ್ರೀಕರ ದೇವರಿಗೆ ಐನೂರು, ಈಜಿಪ್ಟಿನ ದೇವರಿಗೂ ಐನೂರು. ನಮ್ಮದು ಅವರಿಗಿಂತ ಕಡಿಮೆಯಾಗಬಾರದೆಂದು ನಾನೂ ಐನೂರು ತುಂಬಿದೆ. ತುಂಬಿದರೆ ಒಂದು ದಿನ ಅದು ಖಾಲಿಯಾಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ.

ಗೇಮಿನಲ್ಲಿ ಇನ್ನು ಒಂದೇ ಒಂದು ನಾಡಿನ ಪುರಾಣಕ್ಕೆ ಜಾಗವಿದೆ. ಜಪಾನಿನದೋ ನಮ್ಮ ತುಳುನಾಡಿನದೋ ಎಂದು ಈ ಶುಕ್ರವಾರ ತೀರ್ಮಾನ. ತುಳುನಾಡಿನ ಹೆಸರು ಯಾರು ಕೇಳಿದ್ದಾರೆ ಎಂದು ನಮ್ಮ ಮುಖ್ಯಸ್ಥೆ ಸೋನಾಲಿ ಅಂದಾಗ, ನೀನು ಸೊಪ್ಪು ಸೋಸುತ್ತ ನಮ್ಮ ದೈವದ ಕಥೆ ಹಾಡಿದ ಪಾಡ್ದನವನ್ನು ಫೋನಿನಿಂದ ಕೇಳಿಸಿದೆ. ನನಗೊಬ್ಬಳಿಗೆ ಹಾಡಿದ್ದನ್ನು ನಿನಗೆ ತಿಳಿಯದ ಹಾಗೆ ರೆಕಾರ್ಡ್ ಮಾಡಿಕೊಂಡಿದ್ದೆ. ಮುಗಿದ ಮೇಲೆ ಸೋನಾಲಿಯೇ ಇನ್ನೊಮ್ಮೆ ಕೇಳಿಸು ಎಂದಳು. ಆಗ ನಾನೆಷ್ಟು ಬೀಗಿದೆ ಗೊತ್ತೇ?

ಈಗ ದೈವ ಸಾಯದ ಹಾಗೆ, ಯಾರ ಹುಕುಮಿಗೂ ಸಿಗದ ಹಾಗೆ ಬದಲಿಸಿದ್ದೇನೆ. ಆಡುವವರು ಬೇಡಿಕೊಳ್ಳಬೇಕು, ಬರುವುದು ಬಿಡುವುದು ದೈವಕ್ಕೆ ಸೇರಿದ್ದು. ಪಾಡ್ದನ ಬಳಸಲು ಹಾಡಿದವರ ಒಪ್ಪಿಗೆ ಬೇಕು, ಆ ಪತ್ರ ಜೊತೆಗಿದೆ. ಸಹಿ ಹಾಕು ಅಮ್ಮ. ಬೇಡವಾದರೆ ಬೇಡವೆಂದು ಬರೆ, ಬೈದು ಬರೆ, ಎಲ್ಲವನ್ನೂ ತೆಗೆದು ಹಾಕುತ್ತೇನೆ. ನನಗೆ ಅನ್ನ ಸೇರುತ್ತಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಏನಾದರೂ ಒಂದು ಮಾತಾಡು.

ಇನ್ನೂ ನಿನ್ನ ಮಗಳೇ ಎಂದು ನಂಬಿರುವ,
ಯಕ್ಷಿತಾ

ತಾ.ಕ.: ಈ ಶುಕ್ರವಾರ ಎಂದದ್ದು ಸುಳ್ಳು. ತೀರ್ಮಾನ ಹೋದ ಶುಕ್ರವಾರವೇ ಆಯಿತು, ನಮ್ಮದೇ ಗೆದ್ದಿತು. ಒಪ್ಪಿಗೆ ಪತ್ರವನ್ನು ಆಫೀಸಿಗೆ ಅಂದೇ ಕೊಡಬೇಕಿತ್ತು, ನೀನು ಫೋನ್ ಎತ್ತಲಿಲ್ಲ. ಹಾಡಿದವರು ತೀರಿಕೊಂಡಿದ್ದಾರೆ ಎಂದು ಬರೆದು, ಮಗಳೆಂದು ನಾನೇ ಸಹಿ ಹಾಕಿಬಿಟ್ಟೆ. ನಿನ್ನ ಸಹಿ ಸಿಕ್ಕರೆ ಆ ಹಾಳೆಯನ್ನು ಹಿಂದಕ್ಕೆ ಪಡೆಯಬೇಕೆಂದಿದ್ದೇನೆ. ನಿನ್ನೆ ಆ ಹಾಳೆ ಕಂಡ ತಿಲಕ್ ನನ್ನ ಟೇಬಲ್ಲಿಗೆ ಬಂದ. ನಮಗ್ಯಾರಿಗೂ ಹೇಳಲಿಲ್ಲವಲ್ಲ, ಅಮ್ಮ ಯಾವಾಗ ಹೋದರು ಎಂದು ಕಣ್ಣೊರೆಸಿಕೊಂಡು ಕೇಳಿದ. ಇದ್ದಾರೆ ಎನ್ನುವ ಬದಲು ನೀನು ಎದ್ದು ಹೋದ ದಿನದ ತಾರೀಕನ್ನೇ ಹೇಳಿದೆ.